ಮೆಚ್ಚಿದವರು ಕೇಳಬೇಕಾದ ಪ್ರಶ್ನೆ

ರಾಜಕೀಯ ಸಾಕ್ಷ್ಯಚಿತ್ರದ ಪ್ರದರ್ಶನ ಮುಗಿದ ಮೇಲೆ ನಿರ್ದೇಶಕರ ಜೊತೆ ನಡೆಯುವ ಸಂವಾದ ಹೇಗಿರುತ್ತದೆ ಎಂಬುದು ಇಂಥ ಸಭೆಗಳಿಗೆ ಹೋಗಿ ಅಭ್ಯಾಸವಿದ್ದವರಿಗೆಲ್ಲ ಬಾಯಿಪಾಠ. ದೀಪ ಹತ್ತುತ್ತದೆ, ಜನ ಎದ್ದುನಿಂತು ಚಪ್ಪಾಳೆ ಹೊಡೆಯುತ್ತಾರೆ. ಯಾರೋ ಇಬ್ಬರು ಕುರ್ಚಿ ತಂದು ಪರದೆಯ ಮುಂದೆ ಇಡುತ್ತಾರೆ. ಸಂವಾದ ನಡೆಸಿಕೊಡುವವರು ನಿರ್ದೇಶಕರ ಪರಿಚಯವನ್ನು ಮೊಬೈಲ್ ನೋಡಿಕೊಂಡು ಓದುವಷ್ಟರಲ್ಲಿ ಕೊನೆಯ ಬಸ್ಸು ಹಿಡಿಯಬೇಕಾದವರು ಬಗ್ಗಿಕೊಂಡು ಹೊರಗೆ ನಡೆದಿರುತ್ತಾರೆ. ಮೊದಲು ಮೈಕ್ ಸಿಕ್ಕವರು ‘ನನ್ನದು ಪ್ರಶ್ನೆ ಅಲ್ಲ, ಒಂದು ಅನಿಸಿಕೆ ಅಷ್ಟೆ’ ಎಂದು ಶುರುಮಾಡಿ ಭಾಷಣವನ್ನೇ ಮಾಡುತ್ತಾರೆ. ಎರಡನೆಯವರು ಈ ಚಿತ್ರವನ್ನು ಪ್ರತಿಯೊಂದು ಕಾಲೇಜಿನಲ್ಲೂ ತೋರಿಸಬೇಕು ಎನ್ನುತ್ತಾರೆ. ಮೂರನೆಯವರು ಬೆದರಿಕೆ ಬರಲಿಲ್ಲವೇ ಎಂದು ಕೇಳುತ್ತಾರೆ. ನಾಲ್ಕನೆಯವರು, ಸಾಮಾನ್ಯವಾಗಿ ವಿದ್ಯಾರ್ಥಿ, ‘ಈಗ ನಾವೇನು ಮಾಡಬೇಕು ಸರ್?’ ಎನ್ನುತ್ತಾರೆ. ಅಷ್ಟಕ್ಕೆ ಹಾಲಿನ ಮ್ಯಾನೇಜರ್ ಬಾಗಿಲ ಹತ್ತಿರ ನಿಂತು ಗಡಿಯಾರ ತೋರಿಸುತ್ತಿರುತ್ತಾರೆ. ಶಾಲು, ಪುಸ್ತಕ, ಗುಂಪು ಫೋಟೊ.

ಇದನ್ನು ಗೇಲಿ ಮಾಡುವುದು ಸುಲಭ. ನಾನೂ ಆ ಗುಂಪಿನವನೇ. ಚಿತ್ರವನ್ನು ಮೊದಲೇ ಮನೆಯಲ್ಲಿ ನೋಡಿ ಮೆಚ್ಚಿಕೊಂಡು, ನಿರ್ದೇಶಕರು ಊರಿಗೆ ಬರುತ್ತಾರೆ ಎಂದಾಗ ಎರಡನೇ ಸಲ ನೋಡಲು ಹೋಗುವ ಜಾತಿ. ಆದ್ದರಿಂದಲೇ ಹೇಳಬೇಕೆನಿಸುತ್ತದೆ: ಅಂಥ ಸಭೆಯಲ್ಲಿ ಗಟ್ಟಿ ಪ್ರಶ್ನೆ ಕೇಳಬೇಕಾದವರು ಚಿತ್ರವನ್ನು ಮೆಚ್ಚಿದವರೇ. ವಿರೋಧಿಗಳು ಏನು ಕೇಳುತ್ತಾರೆ ಎಂಬುದು ನಮಗೂ ಗೊತ್ತು, ನಿರ್ದೇಶಕರಿಗೂ ಗೊತ್ತು. ಅದಕ್ಕೆ ಉತ್ತರ ತಯಾರಿರುತ್ತದೆ. ಹಾಗೆ ನೋಡಿದರೆ ವಿರೋಧಿಗಳು ಹಾಲಿನೊಳಗೆ ಬರುವುದೂ ಇಲ್ಲ. ಬಂದರೆ ಗೇಟಿನ ಹೊರಗೆ ಘೋಷಣೆ ಕೂಗಲು ಬರುತ್ತಾರೆ. ಚಿತ್ರ ಹೇಳಿದ್ದು ಎಷ್ಟು ನಿಜ, ಯಾವುದನ್ನು ಬಿಟ್ಟಿತು, ಯಾರ ಮುಖವನ್ನು ಯಾವ ಅಪ್ಪಣೆಯಿಂದ ತೋರಿಸಿತು ಎಂದು ಕೂತು ಕೇಳುವಷ್ಟು ತಾಳ್ಮೆ ಮತ್ತು ಕಾಳಜಿ ಇರುವುದು ಒಳಗಿರುವವರಿಗೆ. ಅವರು ಚಪ್ಪಾಳೆಯಲ್ಲೇ ಮುಗಿಸಿದರೆ ಆ ಕೆಲಸ ಮಾಡಲು ಬೇರೆ ಯಾರೂ ಉಳಿದಿರುವುದಿಲ್ಲ.

ಈ ಸಭೆಗಳು ಹೀಗೆ ಭಕ್ತಮಂಡಳಿಗಳಾಗಿರುವುದಕ್ಕೆ ಇತಿಹಾಸದಲ್ಲಿ ಕಾರಣವಿದೆ. ನಮ್ಮ ದೇಶದಲ್ಲಿ ಸಾಕ್ಷ್ಯಚಿತ್ರ ಎಂದರೆ ಬಹುಕಾಲ ಸರ್ಕಾರದ್ದೇ ಮಾಲು. 1948ರಲ್ಲಿ ಶುರುವಾದ ಫಿಲ್ಮ್ಸ್ ಡಿವಿಷನ್ ತಯಾರಿಸಿದ ರೀಲುಗಳನ್ನು ಪ್ರತಿ ಥಿಯೇಟರಿನಲ್ಲೂ ಸಿನಿಮಾಕ್ಕೆ ಮುಂಚೆ ಕಡ್ಡಾಯವಾಗಿ ತೋರಿಸುತ್ತಿದ್ದರು. ನೆರೆ ಪರಿಹಾರ, ಅಣೆಕಟ್ಟು, ಕುಟುಂಬ ಯೋಜನೆ. ಆ ಹೊತ್ತಿನಲ್ಲಿ ಜನ ಹೊರಗೆ ಬೀಡಿ ಸೇದುತ್ತಲೋ ಕಡಲೆಕಾಯಿ ಕೊಳ್ಳುತ್ತಲೋ ಇರುತ್ತಿದ್ದುದು ನನ್ನ ಓರಗೆಯವರಿಗೆ ನೆನಪಿದ್ದೀತು. ಸ್ವತಂತ್ರವಾಗಿ ಮಾಡಿದವರ ಪಾಡು ಬೇರೆ. ಕೆ.ಎ. ಅಬ್ಬಾಸ್ ನಾಲ್ಕು ಮಹಾನಗರಗಳ ಸಿರಿವಂತಿಕೆ ಮತ್ತು ದಾರಿದ್ರ್ಯವನ್ನು ಅಕ್ಕಪಕ್ಕ ಇಟ್ಟು ಒಂದು ಕಿರುಚಿತ್ರ ಮಾಡಿ, ಸೆನ್ಸಾರ್ ಜೊತೆ ಜಗಳವಾಡಿ, ಸುಪ್ರೀಂ ಕೋರ್ಟಿನವರೆಗೆ ಹೋದರು. 1970ರಲ್ಲಿ ಬಂದ ಆ ತೀರ್ಪು ಸಿನಿಮಾಕ್ಕೆ ಮುಂಗಡ ಸೆನ್ಸಾರ್ ಇರುವುದು ಸಂವಿಧಾನಬದ್ಧವೇ ಎಂದು ಹೇಳಿಬಿಟ್ಟಿತು. ಆನಂದ್ ಪಟವರ್ಧನ್ ಬಿಹಾರ ಚಳವಳಿಯ ಮೇಲೆ ಮಾಡಿದ ಮೊದಲ ಚಿತ್ರ ತುರ್ತು ಪರಿಸ್ಥಿತಿಯಲ್ಲಿ ಗುಟ್ಟಾಗಿ ಓಡಾಡಿತು. 2004ರ ಮುಂಬೈ ಅಂತರರಾಷ್ಟ್ರೀಯ ಚಿತ್ರೋತ್ಸವ ಭಾರತೀಯ ಸಾಕ್ಷ್ಯಚಿತ್ರಗಳಿಗೆ ಮಾತ್ರ ಸೆನ್ಸಾರ್ ಪ್ರಮಾಣಪತ್ರ ಬೇಕೆಂದಾಗ ನಿರ್ದೇಶಕರೆಲ್ಲ ಸೇರಿ ‘ವಿಕಲ್ಪ್’ ಎಂಬ ಪರ್ಯಾಯ ಉತ್ಸವವನ್ನೇ ನಡೆಸಿದರು. ಅದೇ ವರ್ಷ ಗುಜರಾತ್ ಹಿಂಸೆಯ ಬಗ್ಗೆ ರಾಕೇಶ್ ಶರ್ಮಾ ಮಾಡಿದ ‘ಫೈನಲ್ ಸೊಲ್ಯೂಷನ್’ ಚಿತ್ರಕ್ಕೆ ಪ್ರಮಾಣಪತ್ರ ನಿರಾಕರಿಸಿದರು, ಅವರು ಸಿ.ಡಿ.ಯನ್ನು ಪುಕ್ಕಟೆ ಹಂಚಿದರು, ಪಡೆದವರು ಐದು ನಕಲು ಮಾಡಿ ಹಂಚಬೇಕು ಎಂಬ ಕರಾರಿನ ಮೇಲೆ.

ಥಿಯೇಟರ್ ಸಿಗದ, ಟಿವಿ ತೋರಿಸದ ಚಿತ್ರ ಜನರನ್ನು ತಲುಪುವುದು ಗಾಂಧಿ ಭವನದಂಥ ಕಡೆ, ಸುಚಿತ್ರಾದಂಥ ಫಿಲ್ಮ್ ಸೊಸೈಟಿಗಳಲ್ಲಿ, ಕಾಲೇಜಿನ ಸೆಮಿನಾರ್ ಹಾಲಿನಲ್ಲಿ, ಸಂಘಟನೆಗಳ ಕಚೇರಿಯಲ್ಲಿ. ವಾಟ್ಸಾಪ್ ಗುಂಪಿನಲ್ಲಿ ಕರೆ ಬರುತ್ತದೆ. ಆ ಗುಂಪಿನಲ್ಲಿ ಇರುವವರಿಗೇ ಕರೆ ಬರುವುದರಿಂದ ಹಾಲು ತುಂಬಾ ಒಂದೇ ಅಭಿಪ್ರಾಯದವರು. ಇದರಲ್ಲಿ ಯಾರದೂ ತಪ್ಪಿಲ್ಲ. ಬಾಗಿಲುಗಳನ್ನು ಮುಚ್ಚಿಸಿದವರು ಬೇರೆ. ತೆರೆದಿದ್ದ ಒಂದೇ ಬಾಗಿಲಲ್ಲಿ ನುಗ್ಗಿ ಒಳಗೆ ಸೇರಿದವರು ನಾವು. ಆದರೆ ಸೇರಿದ ಮೇಲೆ ಅಲ್ಲಿ ಏನು ಮಾಡುತ್ತೇವೆ ಎಂಬುದು ನಮ್ಮ ಕೈಯಲ್ಲೇ ಇದೆ.

ಚಿತ್ರದ ನಂತರದ ಮಾತು ಎಂಬುದು ಯಾವಾಗಲೂ ಹೀಗೆ ಬಾಲಂಗೋಚಿಯಾಗಿರಲಿಲ್ಲ. ಅರ್ಜೆಂಟೀನಾದ ಸೊಲಾನಾಸ್ ಮತ್ತು ಗೆಟಿನೊ 1968ರಲ್ಲಿ ಮುಗಿಸಿದ ‘ದಿ ಅವರ್ ಆಫ್ ದಿ ಫರ್ನೇಸಸ್’ ನಾಲ್ಕು ಗಂಟೆಗೂ ಹೆಚ್ಚಿನ ಚಿತ್ರ. ಮಿಲಿಟರಿ ಆಡಳಿತದ ಕಣ್ಣು ತಪ್ಪಿಸಿ ಮನೆಗಳಲ್ಲಿ, ಕಾರ್ಮಿಕ ಸಂಘಗಳಲ್ಲಿ ತೋರಿಸುತ್ತಿದ್ದರು. ನಡುನಡುವೆ ಪ್ರೊಜೆಕ್ಟರ್ ನಿಲ್ಲಿಸಿ ನೆರೆದವರು ವಾದ ಮಾಡಲಿ ಎಂದೇ ಅದನ್ನು ಕಟ್ಟಿದ್ದರು. ಅಲ್ಲಿ ಮಾತಿಗಾಗಿ ಚಿತ್ರವಿತ್ತು. ನಮ್ಮಲ್ಲೂ ಅಂಥದೊಂದು ಪ್ರಯತ್ನ ನಡೆದಿದೆ, ಅದರ ಸುದ್ದಿ ಕನ್ನಡದಲ್ಲಿ ಕಡಿಮೆ. 1980ರ ಆಸುಪಾಸಿನಲ್ಲಿ ದೀಪಾ ಧನರಾಜ್, ಅಭಾ ಭಯ್ಯಾ, ಮೀರಾ ರಾವ್ ಮತ್ತು ಛಾಯಾಗ್ರಾಹಕ ನವ್ರೋಜ್ ಕಾಂಟ್ರಾಕ್ಟರ್ ಬೆಂಗಳೂರಿನಲ್ಲಿ ‘ಯುಗಾಂತರ್’ ಎಂಬ ತಂಡ ಕಟ್ಟಿದರು. ಪುಣೆಯ ಮನೆಗೆಲಸದ ಹೆಂಗಸರ ಮೇಲೆ ‘ಮೋಲ್ಕರೀಣ್’, ನಿಪ್ಪಾಣಿಯ ತಂಬಾಕು ಕಾರ್ಖಾನೆಯ ಹೆಂಗಸರ ಮೇಲೆ ‘ತಂಬಾಕು ಚಾಕೀಲ ಊಬ್ ಆಲಿ’, ಹೈದರಾಬಾದಿನ ಸ್ತ್ರೀ ಶಕ್ತಿ ಸಂಘಟನೆಯ ಜೊತೆ ‘ಇದಿ ಕಥಾ ಮಾತ್ರಮೇನಾ’, ಚಿಪ್ಕೋ ಚಳವಳಿಯ ಹೆಂಗಸೊಬ್ಬಳ ಮೇಲೆ ‘ಸುದೇಶಾ’ — ಕೆಲವೇ ವರ್ಷಗಳಲ್ಲಿ ನಾಲ್ಕು ಚಿತ್ರ.

ನಿಪ್ಪಾಣಿ ಬೆಳಗಾವಿ ಜಿಲ್ಲೆಯ ಊರು. ಬೀಡಿ ತಂಬಾಕನ್ನು ಕುಟ್ಟಿ, ಜರಡಿ ಹಿಡಿದು, ಚೀಲ ತುಂಬುವ ಕೆಲಸ ಅಲ್ಲಿ ಹೆಂಗಸರದು. ಮೂಗಿಗೆ ಸೆರಗು ಕಟ್ಟಿಕೊಂಡರೂ ತಪ್ಪದ ಘಾಟು; ಕೆಲಸದ ಹೊತ್ತಿಗೆ ಲೆಕ್ಕವಿಲ್ಲ, ಕೂಲಿಗೆ ಮಾಲೀಕ ಹೇಳಿದ್ದೇ ದರ. ಅವರು ಸಂಘ ಕಟ್ಟಿ ಮುಷ್ಕರ ಹೂಡಿದ ಕಥೆ 1982ರ ಆ ಚಿತ್ರದ್ದು. ಇಂಥ ಚಿತ್ರಗಳನ್ನು ಮಾಡುವಾಗಲೇ ಅವು ಎಲ್ಲಿಗೆ ಹೋಗಬೇಕು ಎಂಬುದು ತೀರ್ಮಾನವಾಗಿತ್ತು. ಪ್ರೊಜೆಕ್ಟರ್ ಹೊತ್ತುಕೊಂಡು ಹೋಗಿ ಹೆಂಗಸರ ಗುಂಪುಗಳಿಗೆ ತೋರಿಸಿ ಮಾತಿಗೆ ಎಳೆಯುವುದು ಉದ್ದೇಶ. ತಂಬಾಕಿನ ಕೆಲಸ ಗೊತ್ತಿರುವವಳು ತಂಬಾಕಿನ ಚಿತ್ರ ನೋಡಿದಾಗ ಕೇಳುವ ಪ್ರಶ್ನೆಗೂ ನನ್ನಂಥವನು ಕೇಳುವ ಪ್ರಶ್ನೆಗೂ ಅಜಗಜಾಂತರ. ಅವಳಿಗೆ ಕೂಲಿ ಎಷ್ಟು ಹೆಚ್ಚಾಯಿತು ಎಂಬುದು ಬೇಕು, ಮುಷ್ಕರದ ದಿನಗಳಲ್ಲಿ ಒಲೆ ಹೇಗೆ ಉರಿಯಿತು ಎಂಬುದು ಬೇಕು, ಮುಂದೆ ನಿಂತವಳನ್ನು ಆಮೇಲೆ ಕೆಲಸಕ್ಕೆ ಇಟ್ಟುಕೊಂಡರೇ ಎಂಬುದು ಬೇಕು. ನನಗೆ ಬೇಕಾಗಿರುವುದು ಎದೆ ತುಂಬಿಬರುವ ಅನುಭವ. ಅದು ಸಿಕ್ಕ ಮೇಲೆ ಕೇಳುವುದಕ್ಕೆ ಏನೂ ಉಳಿಯುವುದಿಲ್ಲ, ‘ನಮಗೇನು ದಾರಿ’ ಎಂಬುದೊಂದನ್ನು ಬಿಟ್ಟು.

ಹಾಗಾದರೆ ಮೆಚ್ಚಿದವನು ಏನು ಕೇಳಬೇಕು? ಎಲ್ಲಕ್ಕಿಂತ ಮೊದಲು, ಯಾವುದು ಯಾವಾಗ ನಡೆಯಿತು ಎಂದು. ಕೇಳಲು ಶುಷ್ಕವಾದ ಪ್ರಶ್ನೆ. ಮೈಕೆಲ್ ಮೂರ್‌ನ ‘ರೋಜರ್ ಅಂಡ್ ಮಿ’ 1989ರಲ್ಲಿ ಬಂದಾಗ ಅಮೆರಿಕದ ಪ್ರೇಕ್ಷಕರು ಮುಗಿಬಿದ್ದು ನೋಡಿದರು. ಜನರಲ್ ಮೋಟಾರ್ಸ್ ತನ್ನ ಕಾರ್ಖಾನೆಗಳನ್ನು ಮುಚ್ಚಿ ಮಿಷಿಗನ್ ರಾಜ್ಯದ ಫ್ಲಿಂಟ್ ಎಂಬ ಊರನ್ನು ಹಾಳುಗೆಡವಿದ ಕಥೆ. ಆ ಊರಿನಲ್ಲೇ ಹುಟ್ಟಿದ ಮೂರ್ ನಗಿಸುತ್ತ ಅದನ್ನು ಹೇಳುತ್ತಾನೆ. ‘ಫಿಲ್ಮ್ ಕಾಮೆಂಟ್’ ಪತ್ರಿಕೆಯ ಹಾರ್ಲನ್ ಜೇಕಬ್ಸನ್ ಅವನನ್ನು ಕೂರಿಸಿಕೊಂಡು ತಾರೀಖು ಹಿಡಿದು ಕೇಳಿದ. ಕಾರ್ಖಾನೆ ಮುಚ್ಚಿದ್ದಕ್ಕೆ ಪರಿಹಾರವೆಂಬಂತೆ ಊರಿನವರು ಕಟ್ಟಿದರು ಎಂದು ಚಿತ್ರದಲ್ಲಿ ಕಾಣುವ ‘ಆಟೊವರ್ಲ್ಡ್’ ಎಂಬ ವಿನೋದ ಉದ್ಯಾನ 1984ರಲ್ಲೇ ತೆರೆದಿತ್ತು. ಚಿತ್ರ ಹೇಳುವ ದೊಡ್ಡ ಕಡಿತದ ಘೋಷಣೆ ಬಂದದ್ದು ಅದಾದ ಮೇಲೆ. ರೊನಾಲ್ಡ್ ರೇಗನ್ ಊರಿಗೆ ಬಂದು ಕೆಲಸ ಕಳೆದುಕೊಂಡವರ ಜೊತೆ ಪಿಜ್ಜಾ ತಿಂದದ್ದು ಇನ್ನೂ ಮುಂಚೆ, ಅವರು 1980ರಲ್ಲಿ ಅಭ್ಯರ್ಥಿಯಾಗಿದ್ದಾಗ. ಮೂರ್ ಸಿಟ್ಟಾದ. ರೋಜರ್ ಈಬರ್ಟ್‌ನಂಥ ವಿಮರ್ಶಕ ಮೂರ್‌ನ ಪರ ನಿಂತು, ವ್ಯಂಗ್ಯದ ಚಿತ್ರಕ್ಕೆ ಪಂಚಾಂಗ ಹಿಡಿದು ನೋಡುವುದೇ ತಪ್ಪು ಎಂಬ ಧಾಟಿಯಲ್ಲಿ ವಾದಿಸಿದ. ನನಗೆ ಈಬರ್ಟ್ ಮಾತು ಅರ್ಧ ಒಪ್ಪಿಗೆ. ಫ್ಲಿಂಟ್ ಹಾಳಾದದ್ದು ಸುಳ್ಳಲ್ಲ, ಕಂಪನಿ ಕೈಬಿಟ್ಟದ್ದು ಸುಳ್ಳಲ್ಲ. ಆದರೆ ‘ಇದಾದ್ದರಿಂದ ಅದಾಯಿತು’ ಎಂಬ ಕಾರಣದ ಸರಪಳಿಯನ್ನೇ ಚಿತ್ರ ಕಟ್ಟುತ್ತಿರುವಾಗ ಕೊಂಡಿಗಳನ್ನು ಹಿಂದುಮುಂದು ಮಾಡಿದರೆ ವಾದವೇ ಸಡಿಲವಾಗುತ್ತದೆ. ಎದುರಾಳಿಗೆ ಅಷ್ಟು ಸಾಕು. ಊರು ಹಾಳಾದದ್ದನ್ನು ಬಿಟ್ಟು ತಾರೀಖನ್ನೇ ಹಿಡಿದು ಜಗ್ಗುತ್ತಾನೆ. ಮೊದಮೊದಲ ಪ್ರದರ್ಶನಗಳಲ್ಲೇ ಅಭಿಮಾನಿಯೊಬ್ಬ ಎದ್ದು ಇದನ್ನು ಕೇಳಿದ್ದರೆ ಮೂರ್ ನಿರೂಪಣೆಯಲ್ಲಿ ಒಂದೆರಡು ವಾಕ್ಯ ಸೇರಿಸಿ ಸರಿಮಾಡಬಹುದಿತ್ತೋ ಏನೋ.

ಎರಡನೆಯದು ಇನ್ನೂ ಕಷ್ಟದ ಪ್ರಶ್ನೆ: ಚಿತ್ರದಲ್ಲಿರುವವರು ಇದನ್ನು ನೋಡಿದರೇ, ನೋಡಿ ಏನೆಂದರು? ‘ರೈಟಿಂಗ್ ವಿತ್ ಫೈರ್’ ಅನ್ನು ಹಲವರು ನೋಡಿರಬಹುದು. ರಿಂಟು ಥಾಮಸ್, ಸುಷ್ಮಿತ್ ಘೋಷ್ ನಿರ್ದೇಶನದ್ದು. ಉತ್ತರ ಪ್ರದೇಶದ ಬುಂದೇಲಖಂಡದಲ್ಲಿ 2002ರಿಂದ ಹೆಂಗಸರೇ ನಡೆಸಿಕೊಂಡು ಬಂದ, ದಲಿತ ಹೆಣ್ಣುಮಕ್ಕಳೇ ಮುಂದೆ ನಿಂತಿರುವ ‘ಖಬರ್ ಲಹರಿಯಾ’ ಪತ್ರಿಕೆಯ ಕಥೆ. ಕಾಗದದಿಂದ ಮೊಬೈಲಿಗೆ ಹೊರಳುತ್ತಿರುವ ಹೊತ್ತು. ಸ್ಮಾರ್ಟ್‌ಫೋನನ್ನು ಹೇಗೆ ಹಿಡಿಯಬೇಕೆಂದು ಗೊತ್ತಿಲ್ಲದ ವರದಿಗಾರ್ತಿ, ಅದನ್ನು ಕಲಿಸುವ ಹಿರಿಯಾಕೆ, ಪೊಲೀಸ್ ಠಾಣೆಯಲ್ಲಿ, ಕಲ್ಲುಗಣಿಯಲ್ಲಿ ಬಿಡದೆ ಪ್ರಶ್ನೆ ಕೇಳುವ ಧೈರ್ಯ. ಸನ್‌ಡಾನ್ಸ್ ಉತ್ಸವದಲ್ಲಿ 2021ರ ಪ್ರೇಕ್ಷಕರ ಪ್ರಶಸ್ತಿ, ಮರುವರ್ಷ ಆಸ್ಕರ್ ನಾಮನಿರ್ದೇಶನ. ಲೋಕವೆಲ್ಲ ಚಪ್ಪಾಳೆ ಹೊಡೆಯಿತು, ನಾನೂ ಹೊಡೆದೆ. ಆಸ್ಕರ್ ಸಮಾರಂಭಕ್ಕೆ ಕೆಲವೇ ದಿನ ಇರುವಾಗ, 2022ರ ಮಾರ್ಚಿನಲ್ಲಿ, ಖಬರ್ ಲಹರಿಯಾ ಒಂದು ಹೇಳಿಕೆ ಹೊರಡಿಸಿತು. ಚಿತ್ರ ಮನಮುಟ್ಟುವಂತಿದೆ, ಆದರೆ ಒಂದೇ ಪಕ್ಷದ ಬೆನ್ನು ಹತ್ತಿ ವರದಿ ಮಾಡುವುದೇ ನಮ್ಮ ಕಸುಬು ಎಂಬಂತೆ ನಮ್ಮನ್ನು ತೋರಿಸಿದ್ದು ಸರಿಯಲ್ಲ ಎಂಬುದು ಅದರ ಸಾರ.

ಯೋಚಿಸಿ ನೋಡಿದರೆ ಇದು ಸಣ್ಣ ಆಕ್ಷೇಪಣೆಯಲ್ಲ. ನೀರು ಬರಲಿಲ್ಲ, ಶೌಚಾಲಯದ ದುಡ್ಡು ಎಲ್ಲಿ ಹೋಯಿತು, ಅತ್ಯಾಚಾರದ ದೂರು ಏಕೆ ದಾಖಲಾಗಲಿಲ್ಲ ಎಂದು ಹಳ್ಳಿಹಳ್ಳಿ ತಿರುಗುವ ಹೆಣ್ಣುಮಗಳಿಗೆ ‘ಇವಳು ಯಾವ ಪಕ್ಷದವಳೂ ಅಲ್ಲ’ ಎಂಬ ನಂಬಿಕೆಯೇ ಬಂಡವಾಳ. ಚಿತ್ರತಂಡ ವಿಮಾನ ಹತ್ತಿದ ಮೇಲೂ ಅವಳು ನಾಳೆ ಬೆಳಿಗ್ಗೆ ಅದೇ ಠಾಣೆಗೆ, ಅದೇ ಪಂಚಾಯಿತಿಗೆ ಹೋಗಬೇಕು. ನಿರ್ದೇಶಕರು ಮೋಸ ಮಾಡಿದರು ಎಂದು ನಾನು ಹೇಳುತ್ತಿಲ್ಲ. ವರ್ಷಗಟ್ಟಲೆ ತೆಗೆದದ್ದನ್ನು ಒಂದೂವರೆ ಗಂಟೆಗೆ ಇಳಿಸುವಾಗ ಒಂದು ಎಳೆಯನ್ನು ಹಿಡಿಯಲೇಬೇಕು, ಆ ವರ್ಷಗಳ ದೇಶದ ರಾಜಕೀಯವೇ ಆ ಎಳೆಯನ್ನು ಕೈಗೆ ಕೊಟ್ಟಿತು. ನನ್ನ ತಕರಾರು ನಮ್ಮ ಮೇಲೆಯೇ, ನೋಡುಗರ ಮೇಲೆ. ನಮಗೆ ಇಷ್ಟವಾದದ್ದು ಆ ಎಳೆಯೇ. ನಮ್ಮ ಸಿಟ್ಟಿಗೆ ಅವರು ದನಿಯಾದರು ಎಂದು ಖುಷಿಪಟ್ಟೆವು. ಹಾಗಿರುವಾಗ ‘ಮಿಕ್ಕ ದಿನಗಳಲ್ಲಿ ಇವರು ಏನು ಬರೆಯುತ್ತಾರೆ?’ ಎಂಬ ಪ್ರಶ್ನೆ ನಮಗೆ ಹೊಳೆಯುವುದು ಹೇಗೆ?

ಈ ವಿಷಯದಲ್ಲಿ ಪಟವರ್ಧನ್ ಅವರ 1985ರ ‘ಹಮಾರಾ ಶಹರ್’ ನನಗೆ ಮತ್ತೆ ಮತ್ತೆ ನೆನಪಾಗುತ್ತದೆ. ಮುಂಬೈ ಕಟ್ಟಿದವರ ಗುಡಿಸಲುಗಳನ್ನೇ ಮುಂಬೈ ಪಾಲಿಕೆ ಕೆಡವುವುದರ ಚಿತ್ರ. ಅದರಲ್ಲಿ ಒಬ್ಬ ಹೆಂಗಸು ಕ್ಯಾಮೆರಾ ಹಿಡಿದವರ ಮೇಲೆಯೇ ತಿರುಗಿಬೀಳುತ್ತಾಳೆ. ಬಡವರ ಫೋಟೊ ತೆಗೆದು ಹೆಸರು ಮಾಡಿಕೊಳ್ಳುತ್ತೀರಿ, ನಮಗೆ ಇದರಿಂದ ಏನು ಬಂತು ಎಂಬ ಅರ್ಥದ ಮಾತು. ಪೊಲೀಸರ ಮೇಲಿನ ಸಿಟ್ಟಿಗೂ ಈ ಸಿಟ್ಟಿಗೂ ಅವಳ ದನಿಯಲ್ಲಿ ವ್ಯತ್ಯಾಸವಿಲ್ಲ. ಎಡಿಟಿಂಗ್ ಮೇಜಿನ ಮೇಲೆ ಆ ತುಂಡನ್ನು ತೆಗೆದುಹಾಕಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಪಟವರ್ಧನ್ ಉಳಿಸಿಕೊಂಡರು. ಆ ಚಿತ್ರದ ಬಗ್ಗೆ ಯಾವುದೇ ಸಭಿಕ ಯಾವುದೇ ಸಭೆಯಲ್ಲಿ ಎದ್ದುನಿಂತು ಕೇಳಬಹುದಾಗಿದ್ದ ಪ್ರಶ್ನೆಗಿಂತಲೂ ಗಟ್ಟಿಯಾದ ಪ್ರಶ್ನೆ ಚಿತ್ರದ ಹೊಟ್ಟೆಯೊಳಗೇ ಇದೆ. ಅದೇ ಚಿತ್ರದಲ್ಲಿ ಹಾಡಿದ ಗಾಯಕ ವಿಲಾಸ್ ಘೋಗ್ರೆ, 1997ರ ಜುಲೈಯಲ್ಲಿ ಘಾಟ್ಕೋಪರಿನ ರಮಾಬಾಯಿ ನಗರದಲ್ಲಿ ಅಂಬೇಡ್ಕರ್ ಪ್ರತಿಮೆಗೆ ಅವಮಾನವಾಗಿ, ಪ್ರತಿಭಟಿಸಿದವರ ಮೇಲೆ ಪೊಲೀಸರು ಗುಂಡು ಹಾರಿಸಿ ಹತ್ತು ಜನ ಸತ್ತ ಕೆಲವು ದಿನಗಳಿಗೆ ನೇಣು ಹಾಕಿಕೊಂಡ. ಆ ಸಾವಿನ ಬೆನ್ನು ಹಿಡಿದು ಪಟವರ್ಧನ್ ಹದಿನಾಲ್ಕು ವರ್ಷ ಕೆಲಸ ಮಾಡಿ ಮುಗಿಸಿದ್ದು ‘ಜೈ ಭೀಮ್ ಕಾಮ್ರೇಡ್’. ಆ ಮೂರು ಗಂಟೆಗೂ ಮೀರಿದ ಚಿತ್ರವನ್ನು ಮುಂಬೈಯ ದಲಿತ ಬಸ್ತಿಗಳಲ್ಲಿ ತೆರೆದ ಬಯಲಿನಲ್ಲಿ ತೋರಿಸಿದರು. ಬ್ರಾಹ್ಮಣ ಹೆಸರಿನ ನಿರ್ದೇಶಕ ದಲಿತರ ಹಾಡುಗಳ ಚಿತ್ರ ಮಾಡುವುದರ ಬಗ್ಗೆ ಕೇಳಬೇಕಾದ್ದನ್ನು ಬಸ್ತಿಯ ಜನ ಕೇಳಬಲ್ಲರು. ಚಿತ್ರ ಅವರ ಅಂಗಳಕ್ಕೆ ಹೋಗಬೇಕು, ಅಷ್ಟೆ. ಎಸಿ ಹಾಲಿನಲ್ಲಿ ಆ ಪ್ರಶ್ನೆ ಏಳುವುದು ಅಪರೂಪ. ಎದ್ದರೂ ‘ಈ ಹೊತ್ತಿನಲ್ಲಿ ಇದೆಲ್ಲ ಬೇಕೇ?’ ಎಂಬ ಗುಸುಗುಸು ಹಿಂದಿನ ಸಾಲಿನಿಂದ ಬರುತ್ತದೆ.

ಆ ಗುಸುಗುಸುವನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಅದರ ಹಿಂದೆ ಗಟ್ಟಿಯಾದ ವಾದವಿದೆ. ಪ್ರದರ್ಶನಕ್ಕೆ ಅನುಮತಿ ಸಿಗುವುದೇ ಅನುಮಾನ, ಸಿಕ್ಕರೆ ಹಿಂದಿನ ದಿನ ಠಾಣೆಯಿಂದ ಫೋನ್, ಹಾಲಿನವರಿಗೆ ಹೆದರಿಕೆ. 2019ರಲ್ಲಿ ಪಟವರ್ಧನ್ ಅವರ ‘ವಿವೇಕ್’ ಚಿತ್ರವನ್ನು ಕೇರಳದ ಸಾಕ್ಷ್ಯಚಿತ್ರೋತ್ಸವದಲ್ಲಿ ತೋರಿಸಲು ಕೇಂದ್ರ ಸರ್ಕಾರ ವಿನಾಯಿತಿ ಕೊಡಲಿಲ್ಲ, ಕೇರಳ ಹೈಕೋರ್ಟಿಗೆ ಹೋಗಿ ಅನುಮತಿ ತರಬೇಕಾಯಿತು. ಅವರದೇ ‘ರಾಮ್ ಕೆ ನಾಮ್’ ಚಿತ್ರದಲ್ಲಿ, ಅಯೋಧ್ಯೆಯ ಮಂದಿರದ ಹೆಸರಿನಲ್ಲಿ ನಡೆಯುತ್ತಿರುವುದು ರಾಜಕೀಯದ ಆಟ ಎಂದು ಕ್ಯಾಮೆರಾ ಎದುರು ಶಾಂತವಾಗಿ ಹೇಳಿದ, ನ್ಯಾಯಾಲಯವೇ ನೇಮಿಸಿದ್ದ ಅರ್ಚಕ ಲಾಲ್‌ದಾಸ್ 1993ರಲ್ಲಿ ಕೊಲೆಯಾದರು. ಇಂಥ ಕಾಲದಲ್ಲಿ ಒಂದು ಚಿತ್ರವನ್ನು ನೋಡಲು ಬಂದು ಕೂರುವುದೇ ಒಂದು ನಿಲುವು, ಅಲ್ಲಿ ಕೂತು ನಮ್ಮವರನ್ನೇ ಕೆದಕುವುದು ಎದುರಾಳಿಗೆ ಕೋಲು ಕೊಟ್ಟಂತೆ ಎನ್ನುತ್ತಾರೆ. ಈ ವಾದವನ್ನು ಹೇಳುವವರಲ್ಲಿ ನಾನು ಗೌರವಿಸುವವರಿದ್ದಾರೆ.

ಆದರೆ ಪಟವರ್ಧನ್ ಅವರ ಚಿತ್ರಗಳು ಉಳಿದದ್ದು ಹೇಗೆ ಎಂಬುದನ್ನೇ ನೋಡಿ. ‘ರಾಮ್ ಕೆ ನಾಮ್’ ದೂರದರ್ಶನದಲ್ಲಿ ಬಂದದ್ದು ಬಾಂಬೆ ಹೈಕೋರ್ಟಿನ ಆದೇಶದಿಂದ. ಅಣುಬಾಂಬಿನ ವಿರುದ್ಧದ ‘ಜಂಗ್ ಔರ್ ಅಮನ್’ ಚಿತ್ರಕ್ಕೆ ಸೆನ್ಸಾರ್ ಮಂಡಳಿ ಹೇಳಿದ ಕತ್ತರಿಗಳನ್ನು ಒಪ್ಪದೆ ಹೋರಾಡಿ, 2003ರಲ್ಲಿ ಹೈಕೋರ್ಟಿನಿಂದ ಒಂದೂ ಕಡಿತವಿಲ್ಲದೆ ಬಿಡಿಸಿಕೊಂಡರು. ‘ಫಾದರ್, ಸನ್ ಅಂಡ್ ಹೋಲಿ ವಾರ್’ ದೂರದರ್ಶನಕ್ಕೆ ತಲುಪಲು ಹತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. 2006ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಪ್ರಸಾರ ಮಾಡಿ ಎಂದಿತು, ಚಿತ್ರವನ್ನು ತುಂಡುತುಂಡಾಗಿ ನೋಡದೆ ಇಡಿಯಾಗಿ ನೋಡಬೇಕು ಎಂದೂ ಹೇಳಿತು. ಈ ಎಲ್ಲ ಕಡೆ ಚಿತ್ರವನ್ನು ಎದುರಾಳಿ ವಕೀಲರು ಎಳೆ ಎಳೆಯಾಗಿ ಬಿಡಿಸಿ ನೋಡಿದ್ದಾರೆ. ಈ ದೃಶ್ಯ ಏಕೆ, ಈ ಮಾತು ಯಾರದು, ಇದನ್ನು ತೋರಿಸಿದರೆ ಏನಾಗುತ್ತದೆ. ಅಭಿಮಾನಿಗಳ ಸಭೆಯಲ್ಲಿ ಕೇಳದ ಪ್ರಶ್ನೆಗಳನ್ನೆಲ್ಲ ಕೋರ್ಟು ಕೇಳಿತು, ಚಿತ್ರ ನಿಂತಿತು. ಇನ್ನೊಂದು ಮಾತು: ಎದುರಾಳಿಗೆ ಕೋಲು ಬೇಕಿದ್ದರೆ ನಮ್ಮ ಸಂವಾದದವರೆಗೆ ಬಂದು ಒಯ್ಯಬೇಕಾಗಿಲ್ಲ. ಗೇಟಿನ ಹೊರಗೆ ಕೂಗುವವರು ಬಹುಪಾಲು ಚಿತ್ರವನ್ನೇ ನೋಡಿರುವುದಿಲ್ಲ.

ಹೊರಗಿನವರಿಂದ ಚಿತ್ರವನ್ನು ಕಾಪಾಡುವುದು ಒಂದು ಕೆಲಸ. ಅದಕ್ಕೆ ವಕೀಲರು ಬೇಕು, ಸಹಿ ಬೇಕು, ಬಾಗಿಲಲ್ಲಿ ಕೈಕೈ ಹಿಡಿದು ನಿಲ್ಲುವವರು ಬೇಕು. ಒಳಗೆ ಕೂತು ಚಿತ್ರವನ್ನು ಪರೀಕ್ಷಿಸುವುದು ಇನ್ನೊಂದು. ಮೊದಲನೆಯದನ್ನು ಮಾಡಿದ್ದೇವೆ ಎಂಬ ಕಾರಣಕ್ಕೆ ಎರಡನೆಯದರಿಂದ ವಿನಾಯಿತಿ ಸಿಗುವುದಿಲ್ಲ.

ದುಃಖ ಸೇರಿಕೊಂಡಾಗ ಮಾತ್ರ ಇದು ನಿಜಕ್ಕೂ ಕಷ್ಟ. 2017ರ ಸೆಪ್ಟೆಂಬರ್ 5ರಂದು ಗೌರಿ ಲಂಕೇಶ್ ಕೊಲೆಯಾದ ಮೇಲೆ ಅವರ ಬಗ್ಗೆ ಚಿತ್ರಗಳು ಬಂದಿವೆ; ತಂಗಿ ಕವಿತಾ ಲಂಕೇಶ್ ಅವರೇ ‘ಗೌರಿ’ ಎಂಬ ಸಾಕ್ಷ್ಯಚಿತ್ರ ಮಾಡಿದ್ದಾರೆ. ಬೆಂಗಳೂರಿನಲ್ಲಿ ಅಂಥದೊಂದು ಪ್ರದರ್ಶನವಾದರೆ ಸಭೆಯಲ್ಲಿ ಅವರನ್ನು ಹೆಸರು ಹಿಡಿದು ಕರೆಯುತ್ತಿದ್ದವರು, ಅವರ ಜೊತೆ ಜಗಳವಾಡಿದವರು, ‘ನಾನೂ ಗೌರಿ’ ಎಂಬ ಫಲಕ ಹಿಡಿದು ನಡೆದವರು ಇರುತ್ತಾರೆ. ಅಲ್ಲಿ ಎದ್ದು ಎಡಿಟಿಂಗ್ ಬಗ್ಗೆ ಕೇಳುವುದು ಸಾವಿನ ಮನೆಯಲ್ಲಿ ಅಡುಗೆಯ ರುಚಿ ಹೇಳಿದ ಹಾಗೆ ಆದೀತು. ಆದರೂ ಗೌರಿ ಹುತಾತ್ಮರಾಗುವ ಮುಂಚೆ ಹನ್ನೆರಡು ವರ್ಷ ತಮ್ಮ ಹೆಸರಿನ ವಾರಪತ್ರಿಕೆ ನಡೆಸಿದವರು. ವಾರವಾರ ಬರೆದವರು, ಮಾನನಷ್ಟದ ಮೊಕದ್ದಮೆಯಲ್ಲಿ 2016ರಲ್ಲಿ ಶಿಕ್ಷೆಗೂ ಒಳಗಾಗಿ ಜಾಮೀನು ಪಡೆದವರು. ಆ ಪತ್ರಿಕೆಯ ಯಾವ ವರದಿ ನಿಂತಿತು, ಯಾವುದು ನಿಲ್ಲಲಿಲ್ಲ, ಜಾಹೀರಾತು ಇಲ್ಲದೆ ಅದನ್ನು ಹೇಗೆ ನಡೆಸಿದರು ಎಂದು ಕೇಳುವುದು ಅವರನ್ನು ಪತ್ರಕರ್ತೆಯಾಗಿ ಗೌರವಿಸುವ ಬಗೆ. ಯಾವ ಪತ್ರಕರ್ತೆಯಾದರೂ ತನ್ನ ಹೆಸರಿನಲ್ಲಿ ಬರೀ ಮೊಂಬತ್ತಿ ಹಚ್ಚಿಕೊಂಡು ಕೂರುವುದನ್ನು ಇಷ್ಟಪಟ್ಟಾಳೆಂದು ನನಗೆ ಅನಿಸುವುದಿಲ್ಲ.

ಕಾಲ ಕಳೆದ ಮೇಲೆ ಹುಟ್ಟುವ ಪ್ರಶ್ನೆಗಳೂ ಉಂಟು. ಖುಷ್ಬೂ ರಾಂಕಾ ಮತ್ತು ವಿನಯ್ ಶುಕ್ಲಾ ಅವರ ‘ಆನ್ ಇನ್‌ಸಿಗ್ನಿಫಿಕೆಂಟ್ ಮ್ಯಾನ್’ ಆಮ್ ಆದ್ಮಿ ಪಕ್ಷ ಹುಟ್ಟಿ 2013ರ ದೆಹಲಿ ಚುನಾವಣೆ ಎದುರಿಸುವವರೆಗಿನ ಚಿತ್ರ. ಪ್ರಧಾನಿಯಿಂದಲೂ ಆ ಪಕ್ಷದ ನಾಯಕ ಕೇಜ್ರಿವಾಲ್ ಅವರಿಂದಲೂ ನಿರಾಕ್ಷೇಪಣಾ ಪತ್ರ ತನ್ನಿ ಎಂದು ಸೆನ್ಸಾರ್ ಮಂಡಳಿ ಸತಾಯಿಸಿದ ಮೇಲೆ 2017ರಲ್ಲಿ ಥಿಯೇಟರಿಗೆ ಬಂತು. ಚಿತ್ರದೊಳಗೆ ಹೆಗಲಿಗೆ ಹೆಗಲು ಕೊಟ್ಟು ನಿಂತಿದ್ದ ಯೋಗೇಂದ್ರ ಯಾದವ್ ಅಷ್ಟರಲ್ಲಿ ಪಕ್ಷದಿಂದ ಹೊರಬಿದ್ದಿದ್ದರು. ಇಂದು ಅದನ್ನು ಮತ್ತೆ ತೋರಿಸಿದರೆ ಸಭೆ ಕೇಳುವುದೇ ಬೇರೆ: ಒಡಕಿನ ಸುಳಿವು ಅಂದೇ ನಿಮ್ಮ ಕ್ಯಾಮೆರಾಕ್ಕೆ ಕಂಡಿತ್ತೇ, ಕಂಡಿದ್ದರೆ ಎಷ್ಟನ್ನು ಉಳಿಸಿಕೊಂಡಿರಿ? ಚಿತ್ರ ಬಿಡುಗಡೆಯಾದ ವಾರವೇ ನಿರ್ದೇಶಕರನ್ನು ಊರೂರು ಸುತ್ತಿಸಿ, ಆಮೇಲೆ ಮರೆತುಬಿಡುವ ನಮ್ಮ ರೂಢಿಯಲ್ಲಿ ಈ ಪ್ರಶ್ನೆಗಳಿಗೆ ಜಾಗವೇ ಇಲ್ಲ.

ಇನ್ನು ಭಾಷೆ. ಬೆಂಗಳೂರಿನಲ್ಲಿ ನಡೆಯುವ ಇಂಥ ಪ್ರದರ್ಶನಗಳಲ್ಲಿ ಚಿತ್ರ ಹಿಂದಿಯದೋ ಮರಾಠಿಯದೋ ಆಗಿರುತ್ತದೆ, ಪರದೆಯ ಕೆಳಗೆ ಓಡುವ ಸಾಲು ಇಂಗ್ಲಿಷಿನದು, ಸಂವಾದವೂ ಇಂಗ್ಲಿಷಿನದೇ. ಪೌರಕಾರ್ಮಿಕರ ಸಂಘದಿಂದಲೋ ಗಾರ್ಮೆಂಟ್ ಕಾರ್ಖಾನೆಯಿಂದಲೋ ಬಂದವರು ಗೋಡೆ ಬದಿಯಲ್ಲಿ ಕೂತಿರುತ್ತಾರೆ. ಚಿತ್ರದಲ್ಲಿರುವವರಿಗೆ ಹಾಲಿನಲ್ಲಿ ಎಲ್ಲರಿಗಿಂತ ಹತ್ತಿರದವರು ಅವರೇ. ಕೊನೆಗೆ ಯಾರಾದರೂ ಅವರಲ್ಲೊಬ್ಬರ ಕೈಗೆ ಮೈಕ್ ಕೊಟ್ಟು ‘ಕನ್ನಡದಲ್ಲೇ ಮಾತಾಡಿ, ಪರವಾಗಿಲ್ಲ’ ಎನ್ನುತ್ತಾರೆ. ಆ ‘ಪರವಾಗಿಲ್ಲ’ ಕೇಳಿಸಿದ ಮೇಲೆ ಮನಸ್ಸು ಬಿಚ್ಚಿ ಯಾರು ಮಾತಾಡುತ್ತಾರೆ? ಅವರು ನಾಲ್ಕು ಮಾತು ಹೇಳುತ್ತಾರೆ, ಪಕ್ಕದಲ್ಲಿದ್ದವರು ಅದನ್ನು ಇಂಗ್ಲಿಷಿನ ಎರಡು ವಾಕ್ಯ ಮಾಡುತ್ತಾರೆ, ನಿರ್ದೇಶಕರು ತಲೆಯಾಡಿಸುತ್ತಾರೆ. ಕರ್ನಾಟಕದೊಳಗಿನ ನಿಪ್ಪಾಣಿಯ ಚಿತ್ರವೇ ಮರಾಠಿಯಲ್ಲಿರುವಾಗ ಭಾಷೆಯ ಗೋಜಲು ಯಾರ ತಪ್ಪೂ ಅಲ್ಲ ಎನ್ನಬಹುದು. ಆದರೆ ಕನ್ನಡದ ಅಡಿಬರಹ ಹಾಕಿಸುವುದು ಈಗ ಹಿಂದಿನಷ್ಟು ಖರ್ಚಿನ ಕೆಲಸವಲ್ಲ. ಗೋಡೆ ಬದಿಯವರಿಗೆ ಮೊದಲ ಮೈಕ್ ಕೊಡುವುದಕ್ಕಂತೂ ಖರ್ಚೇ ಇಲ್ಲ.

ಸಂವಾದದ ಹೊತ್ತಿನ ಬಗ್ಗೆಯೂ ಒಂದು ಸಲಹೆ ಇದೆ. ಅದು ನನ್ನದಲ್ಲ, ಹೆಗ್ಗೋಡಿನದು. ಕೆ.ವಿ. ಸುಬ್ಬಣ್ಣನವರು ಎಪ್ಪತ್ತರ ದಶಕದಲ್ಲಿ ನೀನಾಸಂ ಚಿತ್ರಸಮಾಜ ಕಟ್ಟಿ, ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಿಂದ ಸತೀಶ್ ಬಹಾದೂರ್ ಅವರನ್ನು ಕರೆಸಿ, ಅಡಿಕೆ ತೋಟದ ಊರಿನಲ್ಲಿ ಜಗತ್ತಿನ ಸಿನಿಮಾ ತೋರಿಸಿ ಅದರ ಮೇಲೆ ಮಾತಾಡುವುದನ್ನು ಕಲಿಸಿದರು. ಅಲ್ಲಿನ ಸಂಸ್ಕೃತಿ ಶಿಬಿರದಲ್ಲಿ ರಾತ್ರಿ ನೋಡಿದ ನಾಟಕದ ಚರ್ಚೆ ನಡೆಯುವುದು ಮಾರನೆಯ ದಿನ. ಹೋದವರಿಗೆ ಗೊತ್ತು, ಈ ಒಂದು ರಾತ್ರಿಯ ಅಂತರ ಎಷ್ಟು ಕೆಲಸ ಮಾಡುತ್ತದೆ ಎಂದು. ರಾತ್ರಿ ಕಣ್ಣೀರು ಹಾಕಿದವರು ಬೆಳಿಗ್ಗೆ ತಿಂಡಿ ಸಾಲಿನಲ್ಲಿ ನಿಂತಾಗ ‘ಆ ಎರಡನೇ ಅಂಕ ಯಾಕೋ ಎಳೆದ ಹಾಗಾಯಿತು’ ಎಂದು ಶುರುಮಾಡಿರುತ್ತಾರೆ. ಚರ್ಚೆಗೆ ಬಂದು ಕೂರುವ ಹೊತ್ತಿಗೆ ಮೆಚ್ಚುಗೆ ಹೋಗಿರುವುದಿಲ್ಲ, ಅದರ ಪಕ್ಕದಲ್ಲಿ ಒಂದೆರಡು ಅನುಮಾನಗಳು ಬಂದು ಕೂತಿರುತ್ತವೆ. ಸಾಕ್ಷ್ಯಚಿತ್ರಕ್ಕೆ ಇದು ಇನ್ನೂ ಹೆಚ್ಚು ಒಪ್ಪುತ್ತದೆ, ಏಕೆಂದರೆ ಅಲ್ಲಿ ನೋಡಿದ್ದನ್ನು ಮನೆಗೆ ಹೋಗಿ ಹಳೆಯ ಪತ್ರಿಕೆ ತೆಗೆದು ತಾಳೆ ಹಾಕಬಹುದು, ಚಿತ್ರದ ಊರಿನ ಕಡೆಯ ಗೆಳೆಯರಿಗೆ ಫೋನ್ ಮಾಡಿ ಕೇಳಬಹುದು. ಶನಿವಾರ ಸಂಜೆ ಚಿತ್ರ, ಭಾನುವಾರ ಬೆಳಿಗ್ಗೆ ಹತ್ತಕ್ಕೆ ಮಾತು. ಶನಿವಾರ ಬಂದವರಲ್ಲಿ ಅರ್ಧದಷ್ಟು ಜನ ಭಾನುವಾರ ಬರುವುದಿಲ್ಲ, ಅದು ಖಂಡಿತ. ಫೋಟೊಕ್ಕೆಂದು ಬರುವವರು ಮೊದಲೇ ಕಳಚಿಕೊಳ್ಳುತ್ತಾರೆ. ಆಯೋಜಕರ ನಿಜವಾದ ತೊಂದರೆ ಬೇರೆ: ನಿರ್ದೇಶಕರನ್ನು ಒಂದು ರಾತ್ರಿ ಉಳಿಸಿಕೊಳ್ಳಬೇಕು, ಹಾಲಿಗೆ ಎರಡು ದಿನದ ಬಾಡಿಗೆ ಕಟ್ಟಬೇಕು. ಅಭಿಮಾನಿಗಳ ಕೈಯಲ್ಲಿ ಶಾಲು ಹೊದಿಸುವುದಕ್ಕೆ ಎತ್ತುವ ಚಂದಾವನ್ನು ಆ ಕಡೆಗೆ ತಿರುಗಿಸಿದರೆ ಬಾಡಿಗೆಯ ಒಂದು ಪಾಲಾದರೂ ಹುಟ್ಟೀತು.